‘ಅವಳಿಗೇನು ಕಡಿಮೆಯಾಗಿದೆ?’: ಖಿನ್ನತೆಗೆ ಕಾರಣ ಹುಡುಕುವ ನಮ್ಮ ರೀತಿ

ಮನೆಯಲ್ಲಿ ಯಾರಿಗಾದರೂ ಖಿನ್ನತೆ ಇದೆ ಎಂದು ಡಾಕ್ಟರು ಹೇಳಿದ ಕೂಡಲೇ ಕೇಳಿಬರುವ ಮಾತು ಇದು: ‘ಅವಳಿಗೇನು ಕಡಿಮೆಯಾಗಿದೆ?’ ಗಂಡ ಒಳ್ಳೆಯವನು, ಸ್ವಂತ ಮನೆ ಇದೆ, ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಇನ್ನೇನು ಬೇಕಿತ್ತು? ಲೆಕ್ಕ ಹಾಕಿ ನೋಡಿದರೆ ಏನೂ ಕಡಿಮೆ ಇರುವುದಿಲ್ಲ. ಆಗ ತೀರ್ಪು ಹೊರಬೀಳುತ್ತದೆ. ಒಂದೋ ಇದೆಲ್ಲ ನಾಟಕ, ಮೈಗಳ್ಳತನ. ಇಲ್ಲವೋ ಗ್ರಹಚಾರ, ದೃಷ್ಟಿ, ಯಾರೋ ಮಾಡಿಸಿದ್ದು. ಓದಿದವರ ಮನೆಯಾದರೆ ಮೂರನೆಯದೂ ಒಂದಿದೆ: ‘ಮೆದುಳಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಕಮ್ಮಿ ಆಗಿದೆಯಂತೆ.’

ಮೂರೂ ಬೇರೆ ಬೇರೆ ಉತ್ತರ ಅನ್ನಿಸುತ್ತದೆ, ಅಲ್ವಾ? ಆದರೆ ಮೂರಕ್ಕೂ ಒಂದೇ ಚಾಳಿ. ಕಾರಣ ಒಂದೇ ಇರಬೇಕು. ಅದು ಆ ವ್ಯಕ್ತಿಯ ಒಳಗಿರಬೇಕು, ಇಲ್ಲವೇ ಎಲ್ಲೋ ಆಕಾಶದಲ್ಲಿರಬೇಕು. ನಡುಮನೆಯಲ್ಲಿ ಮಾತ್ರ ಇರಬಾರದು. ಕಳೆದ ಐವತ್ತು ಅರವತ್ತು ವರ್ಷಗಳ ಸಂಶೋಧನೆಯನ್ನು ಓದಿದರೆ ನನಗೆ ಕಾಣುವುದು ಬೇರೆಯೇ. ಖಿನ್ನತೆಗೆ ಕಾರಣ ಹಲವು, ನಿಜ. ಅವುಗಳಲ್ಲಿ ನಾವು ನೋಡಲು ಹಿಂಜರಿಯುವುದು ಮನುಷ್ಯರ ನಡುವೆ ಇರುವ ಕಾರಣಗಳನ್ನೇ.

ಖಿನ್ನತೆ ಎಂದು ಯಾವುದಕ್ಕೆ ಹೇಳುತ್ತಾರೆ ಎಂಬುದನ್ನು ಬೇಗ ಮುಗಿಸಿಬಿಡೋಣ. ಎರಡು ವಾರವಾದರೂ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿರುತ್ತದೆ. ಅಥವಾ ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡವಾಗುತ್ತದೆ. ಜೊತೆಗೆ ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ, ಸುಸ್ತು ಬಿಡುವುದಿಲ್ಲ, ಯಾವುದರಲ್ಲೂ ಗಮನ ನಿಲ್ಲುವುದಿಲ್ಲ. ತಾನು ಯಾತಕ್ಕೂ ಬಾರದವಳು ಅನ್ನಿಸುತ್ತದೆ. ಕೆಲವರಿಗೆ ಬದುಕೇ ಸಾಕು ಅನ್ನಿಸುತ್ತದೆ. ಇಂಥ ಹಲವು ಲಕ್ಷಣ ಸೇರಿ ದಿನದ ಕೆಲಸವೇ ನಡೆಯದಂತಾದರೆ ಡಾಕ್ಟರು ಈ ಹೆಸರು ಕೊಡುತ್ತಾರೆ. ಗಮನಿಸಿ, ಈ ಲಕ್ಷಣಗಳಲ್ಲಿ ಕಾರಣದ ಮಾತೇ ಬರಲಿಲ್ಲ. ಕ್ಷಯ ಎನ್ನಬೇಕಾದರೆ ಅದರ ಬ್ಯಾಕ್ಟೀರಿಯಾ ಇರಬೇಕು. ಖಿನ್ನತೆಗೆ ಹಾಗೆ ಏನೂ ಇಲ್ಲ. ಅದನ್ನು ತೋರಿಸಿಕೊಡುವ ರಕ್ತ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇನ್ನೂ ಬಂದಿಲ್ಲ.

ಹಿಂದೆ ಕಾರಣಕ್ಕೆ ಒಂದು ರಿಯಾಯಿತಿ ಇತ್ತು. ಹತ್ತಿರದವರು ತೀರಿಕೊಂಡು ಎರಡು ತಿಂಗಳು ಆಗುವವರೆಗೆ ಸಾಮಾನ್ಯವಾಗಿ ಖಿನ್ನತೆ ಎನ್ನಬಾರದು ಎಂದು ಅಮೆರಿಕದ ಮನೋವೈದ್ಯರ ಕೈಪಿಡಿ ಹೇಳುತ್ತಿತ್ತು. 2013ರ ಆವೃತ್ತಿಯಲ್ಲಿ ಅದನ್ನೂ ತೆಗೆದುಹಾಕಿದರು. ದೊಡ್ಡ ಜಗಳವೇ ಆಯಿತು. ತೆಗೆಯಬೇಕು ಎಂದವರ ಪ್ರಶ್ನೆ ಸರಳ: ಸಾವಿಗೆ ರಿಯಾಯಿತಿ ಕೊಟ್ಟರೆ ವಿಚ್ಛೇದನಕ್ಕೆ, ಕೆಲಸ ಹೋದದ್ದಕ್ಕೆ ಯಾಕಿಲ್ಲ?

ನಮ್ಮಲ್ಲಿ ಇದು ಎಷ್ಟು ಜನಕ್ಕಿದೆ? ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ವಯಸ್ಕರಲ್ಲಿ 20ಕ್ಕೆ ಒಬ್ಬರು ಬದುಕಿನಲ್ಲಿ ಎಂದಾದರೂ ಖಿನ್ನತೆ ಅನುಭವಿಸಿದ್ದಾರೆ ಎಂದು ಅದು ಕಂಡುಕೊಂಡಿತು. ಚಿಕಿತ್ಸೆ ಬೇಕಾದವರಲ್ಲಿ ಸುಮಾರು 85% ಜನಕ್ಕೆ ಅದು ಸಿಕ್ಕಿರಲಿಲ್ಲ.

ಸಿಗದಿರುವುದಕ್ಕೆ ಒಂದು ಕಾರಣ, ಬಂದವರು ಬೇರೆಯದೇ ಹೇಳಿಕೊಂಡು ಬರುವುದು. ತಲೆನೋವು, ಮೈಕೈ ನೋವು, ಎದೆ ಉರಿ, ಕೈಕಾಲು ಜೋಮು, ತ್ರಾಣವೇ ಇಲ್ಲ. ನಮ್ಮ ಕಡೆ ಎಲ್ಲದಕ್ಕೂ ‘ಗ್ಯಾಸ್ಟ್ರಿಕ್’ ಎಂಬ ಹೆಸರು ಬೇರೆ ಇದೆ. ಇದು ತಿಳಿವಳಿಕೆ ಇಲ್ಲದ್ದರಿಂದ ಎಂದು ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಡಾ. ರಘುರಾಮ್, ಡಾ. ಚನ್ನಬಸವಣ್ಣ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ರೋಗಿಗಳನ್ನು ಕೂರಿಸಿ ಮಾತಾಡಿಸಿ ನಡೆಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಮನಸ್ಸಿನ ದುಃಖ ಜಾಸ್ತಿ ಇದ್ದವರಲ್ಲಿ ‘ಜನ ಏನಂದುಕೊಳ್ಳುತ್ತಾರೋ’ ಎಂಬ ಅಳುಕೂ ಜಾಸ್ತಿ ಇತ್ತು. ಮೈನೋವಿನ ರೂಪದಲ್ಲಿ ಹೇಳಿಕೊಂಡವರಲ್ಲಿ ಆ ಅಳುಕು ಕಡಿಮೆ. ಅಂದರೆ ಅವರು ದಡ್ಡರಲ್ಲ. ಸೊಂಟ ನೋವು ಎಂದರೆ ಅತ್ತೆಯೂ ಕಷಾಯ ಕಾಯಿಸಿ ಕೊಡುತ್ತಾಳೆ. ಮನಸ್ಸು ಸರಿ ಇಲ್ಲ ಎಂದರೆ ತಂಗಿಯ ಮದುವೆ ಮಾತುಕತೆ ನಿಂತುಹೋಗಬಹುದು. ಯಾವುದನ್ನು ಹೇಳಬೇಕು ಎಂದು ಅವರಿಗೆ ಚೆನ್ನಾಗಿಯೇ ಗೊತ್ತು.

ಹಾಗಂತ ಮೈ ಕಡೆಯ ಕಾರಣಗಳನ್ನು ತಳ್ಳಿಹಾಕುವಂತಿಲ್ಲ. ಥೈರಾಯ್ಡ್ ನಿಧಾನವಾದರೆ ಮನಸ್ಸೂ ಮಂದವಾಗುತ್ತದೆ, ಮೈ ಭಾರವಾಗುತ್ತದೆ, ನೋಡುವವರಿಗೆ ಥೇಟ್ ಖಿನ್ನತೆಯೇ. ಬಿ12 ಕೊರತೆಯೂ ಹಾಗೆಯೇ. ಸಸ್ಯಾಹಾರಿಗಳಲ್ಲಿ ಅದು ಹೆಚ್ಚು. ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲೂ ಬಿ12 ಇಳಿಯುತ್ತದೆ. ರಕ್ತಹೀನತೆ, ಪಾರ್ಶ್ವವಾಯು, ಪಾರ್ಕಿನ್ಸನ್, ದಿನಾ ಕುಡಿಯುವ ಅಭ್ಯಾಸ, ಸ್ಟಿರಾಯ್ಡ್ ಔಷಧ ಎಲ್ಲವೂ ಈ ಸಾಲಿನಲ್ಲಿ ಬರುತ್ತವೆ. ಹಿಂದೆ ಹೆಪಟೈಟಿಸ್ ಸಿ ಕಾಯಿಲೆಗೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಿದ್ದರು. ಅದು ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುವ ವಸ್ತು. ಅದನ್ನು ತೆಗೆದುಕೊಂಡವರಲ್ಲಿ ಗಣನೀಯ ಸಂಖ್ಯೆಯ ಜನ ಕೆಲವೇ ವಾರಗಳಲ್ಲಿ ಖಿನ್ನತೆಗೆ ಇಳಿದರು. ದೇಹದ ಉರಿಯೂತಕ್ಕೂ ಮನಸ್ಸಿಗೂ ನಂಟಿದೆ ಎಂಬ ಅನುಮಾನ ಬಲವಾದದ್ದು ಇಂಥ ಅನುಭವಗಳಿಂದಲೇ. ಆದ್ದರಿಂದ ಮನೋವೈದ್ಯರು ಮೊದಲ ಭೇಟಿಯಲ್ಲೇ ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಪರೀಕ್ಷೆ ಬರೆದುಕೊಟ್ಟರೆ ‘ದುಡ್ಡು ಕೀಳಲಿಕ್ಕೆ’ ಎಂದು ಗೊಣಗಬೇಡಿ.

ಈಗ ಸೆರೊಟೋನಿನ್ ವಿಚಾರ. ಈ ಕಥೆಯ ಒಂದು ತುದಿ ನಮ್ಮ ಕಾಡಿನಲ್ಲೇ ಇದೆ, ಸರ್ಪಗಂಧದ ಬೇರಿನಲ್ಲಿ. ಹಾವು ಕಚ್ಚಿದರೆ, ನಿದ್ದೆ ಬಾರದಿದ್ದರೆ, ತಲೆ ಕೆಟ್ಟವರನ್ನು ಸುಮ್ಮನಾಗಿಸಬೇಕಾದರೆ ನಾಟಿ ವೈದ್ಯರು ಅದನ್ನು ಕೊಡುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದರ ಬಗ್ಗೆ ಬರೆದರು. 1949ರಲ್ಲಿ ಬೊಂಬಾಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಸರ್ಪಗಂಧ ಬಿ.ಪಿ. ಇಳಿಸುತ್ತದೆ ಎಂದು ತೋರಿಸಿದರು. ಸ್ವಲ್ಪ ಕಾಲದಲ್ಲೇ ಅದರ ಸಾರ ರೆಸರ್ಪಿನ್ ಎಂಬ ಹೆಸರಲ್ಲಿ ಪಶ್ಚಿಮದ ಔಷಧ ಅಂಗಡಿಗಳನ್ನು ತಲುಪಿತು.

ಆಮೇಲೆ ದೂರು ಶುರುವಾಯಿತು. ಬಿ.ಪಿ.ಗೆಂದು ರೆಸರ್ಪಿನ್ ತೆಗೆದುಕೊಂಡ ಕೆಲವರು ಮಂಕಾಗುತ್ತಿದ್ದಾರೆ, ಅಳುತ್ತಿದ್ದಾರೆ ಎಂದು. ಅದೇ ಹೊತ್ತಿಗೆ ಅಮೆರಿಕದ ಪ್ರಯೋಗಾಲಯದಲ್ಲಿ ರೆಸರ್ಪಿನ್ ಕೊಟ್ಟರೆ ಸೆರೊಟೋನಿನ್ ಖಾಲಿಯಾಗುವುದು ಕಂಡಿತು. ಇನ್ನೊಂದು ಕಡೆ, 1952ರ ಸುಮಾರಿಗೆ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯ ರೋಗಿಗಳಿಗೆ ಐಪ್ರೊನಿಯಜಿಡ್ ಎಂಬ ಹೊಸ ಔಷಧ ಕೊಟ್ಟು ನೋಡುತ್ತಿದ್ದರು. ಹಾಸಿಗೆ ಹಿಡಿದವರು ಎದ್ದು ನಗುತ್ತಾ ಓಡಾಡತೊಡಗಿದರು. ಈ ಔಷಧ ಸೆರೊಟೋನಿನ್ ಮತ್ತು ಅದರಂಥ ರಾಸಾಯನಿಕಗಳು ಮೆದುಳಲ್ಲಿ ಬೇಗ ಕರಗದಂತೆ ತಡೆಯುತ್ತಿತ್ತು. ಎರಡನ್ನೂ ಜೋಡಿಸಿದರೆ ಲೆಕ್ಕ ಚೆಂದ ಕೂಡಿತು: ರಾಸಾಯನಿಕ ಇಳಿದರೆ ಖಿನ್ನತೆ, ಏರಿದರೆ ಗುಣ. 1987ರ ಕೊನೆಯಲ್ಲಿ ಅಮೆರಿಕದಲ್ಲಿ ಪ್ರೋಜಾಕ್ ಎಂಬ ಖಿನ್ನತೆಯ ಮಾತ್ರೆಗೆ ಅನುಮತಿ ಸಿಕ್ಕಿದ ಮೇಲೆ ಜಾಹೀರಾತುಗಳು ಈ ಲೆಕ್ಕವನ್ನು ಮನೆಮನೆಗೆ ಮುಟ್ಟಿಸಿದವು.

ಆದರೆ ಕೂಡದ ಸಂಗತಿಗಳು ಮೊದಲಿಂದಲೂ ಇದ್ದವು. 1955ರಲ್ಲೇ ಲಂಡನ್ನಿನಲ್ಲಿ ಡೇವಿಸ್ ಮತ್ತು ಶೆಫರ್ಡ್ ಎಂಬ ವೈದ್ಯರು ಆತಂಕ, ಖಿನ್ನತೆ ಇದ್ದವರಿಗೆ ಇದೇ ರೆಸರ್ಪಿನ್ ಕೊಟ್ಟು ನೋಡಿದರು. ಅವರ ಸ್ಥಿತಿ ಸುಧಾರಿಸಿತು! ಯಾಕೋ ಆ ಅಧ್ಯಯನ ಮೂಲೆ ಸೇರಿತು. ಲೆಕ್ಕ ಕೆಡಿಸುವ ಅಂಕಿಗಳನ್ನು ಯಾರೂ ಇಷ್ಟಪಡುವುದಿಲ್ಲವಲ್ಲ. ಇನ್ನೊಂದು ತೊಡಕು: ಈಗಿನ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಸೆರೊಟೋನಿನ್ ಮೇಲೆ ಅದರ ಕೆಲಸ ಶುರುವಾಗುತ್ತದೆ, ಮನಸ್ಸು ಹಗುರಾಗಲು ಮಾತ್ರ ವಾರಗಳು ಬೇಕು. 2022ರಲ್ಲಿ ಲಂಡನ್ನಿನ ಮನೋವೈದ್ಯೆ ಜೊವಾನ್ನಾ ಮಾನ್‌ಕ್ರೀಫ್ ಮತ್ತು ಸಂಗಡಿಗರು ದಶಕಗಳ ಅಧ್ಯಯನಗಳನ್ನು ಒಟ್ಟಿಗೆ ಹರವಿ ನೋಡಿದರು. ಸೆರೊಟೋನಿನ್ ಕಡಿಮೆಯಾಗುವುದರಿಂದಲೇ ಖಿನ್ನತೆ ಬರುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ ಎಂದು ಬರೆದರು. ಜಗತ್ತಿನ ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಬಹಳಷ್ಟು ಮನೋವೈದ್ಯರು ‘ಇದು ನಮಗೆ ಗೊತ್ತಿದ್ದದ್ದೇ’ ಎಂದರು. ಗೊತ್ತಿದ್ದರೆ ರೋಗಿಗಳಿಗೆ ಯಾಕೆ ಹೇಳಲಿಲ್ಲ ಎಂಬುದು ನನ್ನ ತಕರಾರು.

ಇಲ್ಲಿ ಒಂದು ಎಚ್ಚರ. ಕಾರಣದ ಕಥೆ ಸುಳ್ಳಾದರೆ ಮಾತ್ರೆಯೂ ಸುಳ್ಳು ಎಂದಾಗುವುದಿಲ್ಲ. ಡೋಲೋ ನುಂಗಿ ಜ್ವರ ಇಳಿದರೆ ದೇಹದಲ್ಲಿ ಡೋಲೋ ಕಡಿಮೆ ಇತ್ತು ಎನ್ನುತ್ತೇವೆಯೇ? 2018ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು 522 ಪ್ರಯೋಗಗಳನ್ನು ಒಟ್ಟು ಸೇರಿಸಿ 21 ಖಿನ್ನತೆ ಔಷಧಗಳನ್ನು ತೂಗಿ ನೋಡಿತು. ಎಲ್ಲವೂ ಔಷಧವಿಲ್ಲದ ಹುಸಿ ಮಾತ್ರೆಗಿಂತ ಮೇಲೆಂದು ಕಂಡವು. ಆ ಅಂತರ ಹೆಚ್ಚಿನವುಗಳಲ್ಲಿ ತೀರಾ ದೊಡ್ಡದೇನಲ್ಲ, ಆದರೆ ಇದೆ. ವಾಟ್ಸಾಪ್ ಫಾರ್ವರ್ಡ್ ಓದಿ ಮಾತ್ರೆಯನ್ನು ದಿಢೀರ್ ನಿಲ್ಲಿಸಿದರೆ ತಲೆಸುತ್ತು, ತಳಮಳ ಶುರುವಾಗುತ್ತದೆ, ಕಾಯಿಲೆ ಮರಳುವ ಸಾಧ್ಯತೆಯೂ ಇದೆ. ನಿಲ್ಲಿಸುವುದಾದರೆ ಡಾಕ್ಟರ ಹತ್ತಿರ ಮಾತಾಡಿ, ನಿಧಾನಕ್ಕೆ ಇಳಿಸುತ್ತಾ ಬರಬೇಕು.

ವಂಶದ ಮಾತಿಗೆ ಬರೋಣ. ‘ಅವರ ಕಡೆಯೇ ಹಾಗೆ’ ಎನ್ನುವುದು ನಮ್ಮಲ್ಲಿ ಗಂಡು-ಹೆಣ್ಣು ನೋಡುವಾಗ ಪಿಸುಗುಟ್ಟುವ ಮಾತು. ಅದರಲ್ಲಿ ಒಂದಿಷ್ಟು ನಿಜವಿದೆ. ಅವಳಿಗಳ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ 2000ದಲ್ಲಿ ಲೆಕ್ಕ ಹಾಕಿದಾಗ, ಖಿನ್ನತೆಯ ವಿಷಯದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಸುಮಾರು 37% ವಂಶವಾಹಿಗಳಿಂದ ಎಂದು ಬಂತು. ಉಳಿದದ್ದು ಬದುಕಿನಿಂದ. ಅಂದಹಾಗೆ, ತಾಯಿಗೆ ಇದ್ದರೆ ಮಗಳಿಗೆ ಬರುವ ಸಾಧ್ಯತೆ 37% ಎಂದು ಇದರ ಅರ್ಥವಲ್ಲ. ಇಡೀ ಸಮೂಹದ ಲೆಕ್ಕವನ್ನು ಒಬ್ಬ ಹುಡುಗಿಯ ಹಣೆಗೆ ಅಂಟಿಸಲು ಬರುವುದಿಲ್ಲ. ಖಿನ್ನತೆಯ ‘ಆ ಒಂದು ಜೀನ್’ ಹುಡುಕಿದವರೂ ಸೋತರು. 2003ರಲ್ಲಿ ಸೆರೊಟೋನಿನ್‌ಗೆ ಸಂಬಂಧಿಸಿದ ಒಂದು ಜೀನ್ ಭಾರೀ ಹೆಸರು ಮಾಡಿತ್ತು. 2019ರಲ್ಲಿ ಲಕ್ಷಾಂತರ ಜನರ ಮಾಹಿತಿಯಲ್ಲಿ ಹುಡುಕಿದಾಗ ಅದರ ಸುಳಿವೇ ಸಿಗಲಿಲ್ಲ. ಈಗ ಗೊತ್ತಾಗಿರುವುದು ಇಷ್ಟು: ನೂರಾರು ವಂಶವಾಹಿ ತುಣುಕುಗಳು, ಒಂದೊಂದರದ್ದೂ ಎಳ್ಳಷ್ಟು ಪಾಲು. ಆ ಪಾಲು ಇದ್ದವರೆಲ್ಲ ಖಿನ್ನತೆಗೆ ಇಳಿಯುವುದಿಲ್ಲ. ಬದುಕು ಏನು ಮಾಡಿತು ಎಂಬುದೂ ಸೇರಬೇಕು.

ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ತುಂಬಾ ಕಲಿಸುವುದು ಲಂಡನ್ನಿನ ಕ್ಯಾಂಬರ್‌ವೆಲ್ ಬಡಾವಣೆಯ ಹೆಂಗಸರ ಅಧ್ಯಯನ. 1970ರ ದಶಕದಲ್ಲಿ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಮನೆಮನೆಗೆ ಹೋಗಿ, ಗಂಟೆಗಟ್ಟಲೆ ಕೂತು, ಕಳೆದ ವರ್ಷ ಏನೇನಾಯಿತು ಎಂದು ಕೇಳಿದರು. ಖಿನ್ನತೆಗೆ ಇಳಿದವರಲ್ಲಿ ಹೆಚ್ಚಿನವರಿಗೆ ಅದಕ್ಕೆ ಮೊದಲು ದೊಡ್ಡ ಪೆಟ್ಟೊಂದು ಬಿದ್ದಿತ್ತು, ಇಲ್ಲವೇ ದೀರ್ಘ ಕಾಲದ ಕಷ್ಟವಿತ್ತು. ಆದರೆ ಪೆಟ್ಟು ಬಿದ್ದವರೆಲ್ಲ ಮಲಗಿರಲಿಲ್ಲ. ವ್ಯತ್ಯಾಸ ಎಲ್ಲಿತ್ತು? ನಾಲ್ಕು ಸಂಗತಿ ಎದ್ದು ಕಂಡವು. ಹನ್ನೊಂದು ವರ್ಷಕ್ಕೆ ಮೊದಲೇ ತಾಯಿಯನ್ನು ಕಳೆದುಕೊಂಡಿರುವುದು. ಮನೆಯಲ್ಲಿ ಹದಿನಾಲ್ಕಕ್ಕಿಂತ ಚಿಕ್ಕ ಮಕ್ಕಳು ಮೂರೋ ಹೆಚ್ಚೋ ಇರುವುದು. ಹೊರಗೆ ದುಡಿಯುವ ಕೆಲಸವಿಲ್ಲದಿರುವುದು. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಮನಸ್ಸು ಬಿಚ್ಚಿ ಮಾತಾಡಬಹುದಾದ ಗಂಡನೋ ಆಪ್ತರೋ ಇಲ್ಲದಿರುವುದು. ಅದೇ ಪೆಟ್ಟು ತಿಂದರೂ ಅಂಥ ಒಬ್ಬರು ಇದ್ದವರಲ್ಲಿ ಖಿನ್ನತೆ ಎಷ್ಟೋ ಕಡಿಮೆ.

ನಾಲ್ಕರಲ್ಲಿ ಮೂರು ನಮ್ಮ ಎಷ್ಟೋ ಮನೆಗಳ ದಿನನಿತ್ಯದ ಸ್ಥಿತಿ. ಮನೆ ತುಂಬಾ ಜನ ಇರುತ್ತಾರೆ, ಮಾತಾಡಲು ಒಬ್ಬರೂ ಇರುವುದಿಲ್ಲ.

ಎಂಥ ಪೆಟ್ಟು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬ್ರೌನ್ ಆಮೇಲೆ ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ, ಮನೋವೈದ್ಯ ಕೆನೆತ್ ಕೆಂಡ್ಲರ್ ಅಮೆರಿಕದ ವರ್ಜೀನಿಯಾದ ಅವಳಿಗಳಲ್ಲಿ ಇದನ್ನು ಬಿಡಿಸಿ ನೋಡಿದರು. ಬರೀ ನಷ್ಟಕ್ಕಿಂತ, ನಷ್ಟದ ಜೊತೆ ಅವಮಾನ ಸೇರಿದಾಗ ಖಿನ್ನತೆಯ ಅಪಾಯ ಜಾಸ್ತಿ. ಗಂಡ ತೀರಿಕೊಳ್ಳುವುದು ಒಂದು. ಗಂಡ ಬಿಟ್ಟುಹೋಗಿ ಊರಿಗೆಲ್ಲ ಗೊತ್ತಾಗುವುದು ಇನ್ನೊಂದು. ಹಾಗೆಯೇ, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ ಸ್ಥಿತಿಯಲ್ಲಿ ಸಿಕ್ಕಿಬೀಳುವುದು.

ಇದನ್ನು ಓದುವಾಗ ನನಗೆ ನೆನಪಾದದ್ದು ಹಳ್ಳಿಗಳ ‘ಸಂಘದ ಕಂತು’. ವಾರಕ್ಕೊಮ್ಮೆ ಹೆಂಗಸರು ಒಂದು ಜಗಲಿಯಲ್ಲಿ ಸೇರುತ್ತಾರೆ. ಫೈನಾನ್ಸ್‌ನವನು ಪುಸ್ತಕ ತೆಗೆದು ಹೆಸರು ಕೂಗುತ್ತಾನೆ. ಒಬ್ಬಳು ಕಂತು ತರದಿದ್ದರೆ ಉಳಿದವರನ್ನೂ ಏಳಲು ಬಿಡುವುದಿಲ್ಲ. ಹಾಗಾಗಿ ಬೈಯುವವನು ಅವನೊಬ್ಬನೇ ಅಲ್ಲ, ಪಕ್ಕದ ಮನೆಯವಳೂ ಬೈಯುತ್ತಾಳೆ. ಸಂಜೆ ಮನೆ ಬಾಗಿಲಿಗೂ ಬಂದು ಕೂರುತ್ತಾರೆ. ಒಂದು ಸಾಲ ತೀರಿಸಲು ಇನ್ನೊಂದು ಸಂಘದಲ್ಲಿ ಸಾಲ. ನಷ್ಟ, ಅವಮಾನ, ದಾರಿ ಮುಚ್ಚಿದ ಸ್ಥಿತಿ ಮೂರೂ ಒಂದೇ ಕಡೆ. ಕಿರುಕುಳದ ಸುದ್ದಿಗಳು ಸಾಲು ಸಾಲಾಗಿ ಬಂದ ಮೇಲೆ ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಬಲವಂತದ ಸಾಲ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು. ಅದನ್ನು ಹಣಕಾಸಿನ ಕಾನೂನು ಎಂದೇ ಎಲ್ಲರೂ ಚರ್ಚಿಸಿದರು. ನಾನು ಅದನ್ನು ಮಾನಸಿಕ ಆರೋಗ್ಯದ ಕಾನೂನು ಎಂದೂ ಕರೆಯುತ್ತೇನೆ.

ಬಡತನ ಇದ್ದರೆ ಖಿನ್ನತೆ ಹೆಚ್ಚು ಎಂಬುದು ಎಲ್ಲ ಕಡೆ ಕಂಡಿದೆ. ಯಾವುದರಿಂದ ಯಾವುದು ಎಂಬ ಪ್ರಶ್ನೆ ಇತ್ತು. ಎರಡೂ ದಿಕ್ಕಿನಲ್ಲಿ ನಡೆಯುತ್ತದೆ ಎಂಬುದಕ್ಕೆ ಈಗ ಪುರಾವೆ ಇದೆ. ಇಂಡೋನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ಸರ್ಕಾರ ನಗದು ಕೊಟ್ಟ ಕಡೆಗಳಲ್ಲಿ ಆತ್ಮಹತ್ಯೆ ಇಳಿಯಿತು. ಹಣ ಕೊಟ್ಟರೆ ಮನಸ್ಸು ಚೇತರಿಸುವುದಾದರೆ, ಕಾರಣ ಬರೀ ಮೆದುಳಲ್ಲೇ ಇತ್ತು ಎನ್ನುವುದು ಹೇಗೆ?

ಗೋವಾದ ಬಾಣಂತಿಯರ ಕಥೆ ಇನ್ನೂ ಹತ್ತಿರದ್ದು. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯಾಗಿ ಆರೆಂಟು ವಾರದ ತಾಯಂದಿರಲ್ಲಿ 23% ಜನಕ್ಕೆ ಖಿನ್ನತೆ ಇತ್ತು. ಹೆರಿಗೆಯ ನಂತರ ಹಾರ್ಮೋನು ಧೊಪ್ಪನೆ ಇಳಿಯುತ್ತದೆ, ಅದು ಎಲ್ಲ ತಾಯಂದಿರಿಗೂ ಸಮಾನ. ಸಮಾನವಲ್ಲದ್ದು ಉಳಿದದ್ದು. ಮನೆಯಲ್ಲಿ ಹೊಟ್ಟೆಗೆ ಸಾಲದಿರುವುದು, ಗಂಡನ ಹೊಡೆತ, ಮತ್ತು ಹುಟ್ಟಿದ್ದು ಹೆಣ್ಣುಮಗು ಆಗಿರುವುದು. ಗಂಡುಮಗು ಹುಟ್ಟಿದವರಿಗೆ ಆ ಕಷ್ಟಗಳ ನಡುವೆಯೂ ಒಂದಿಷ್ಟು ರಕ್ಷಣೆ ಇತ್ತು. ಮಗುವಿನ ಲಿಂಗ ತಾಯಿಯ ಮೆದುಳಿನ ರಾಸಾಯನಿಕವನ್ನು ನೇರವಾಗಿ ಬದಲಿಸುವುದಿಲ್ಲ. ಬದಲಿಸುವುದು ತೊಟ್ಟಿಲ ಹತ್ತಿರ ಬಂದವರ ಮುಖಭಾವ.

ಇನ್ನೊಂದು ಸುಳಿ ಇದೆ. ಖಿನ್ನತೆ ಒಮ್ಮೆ ಬಂದರೆ ತನಗೆ ಬೇಕಾದ ಕಾರಣಗಳನ್ನು ತಾನೇ ಹುಟ್ಟಿಸುತ್ತದೆ. ಮಂಕಾದವನು ಫೋನ್ ಎತ್ತುವುದಿಲ್ಲ. ಗೆಳೆಯರು ಕರೆಯುವುದನ್ನು ಬಿಡುತ್ತಾರೆ. ಆಫೀಸಿನಲ್ಲಿ ಕೆಲಸ ಬಾಕಿ ಬೀಳುತ್ತದೆ, ಬೈಗುಳ ಬರುತ್ತದೆ. ‘ನಾನು ಯಾತಕ್ಕೂ ಬಾರದವನು’ ಎಂಬುದಕ್ಕೆ ಸಾಕ್ಷಿ ಸಿಕ್ಕಂತಾಗುತ್ತದೆ. ಕೆಂಡ್ಲರ್ ಅವರ ಅವಳಿ ಅಧ್ಯಯನದಲ್ಲಿ ಮೊದಲ ಸಲದ ಖಿನ್ನತೆಗೆ ಬದುಕಿನ ಪೆಟ್ಟಿನ ಜೊತೆ ನಂಟು ಬಲವಾಗಿತ್ತು. ಪದೇ ಪದೇ ಬಂದಂತೆ ಆ ನಂಟು ಸಡಿಲವಾಯಿತು. ಸಣ್ಣ ಪೆಟ್ಟೂ ಸಾಕಾಯಿತು. ‘ಇಷ್ಟು ಚಿಕ್ಕ ವಿಷಯಕ್ಕೆ ಹೀಗಾ?’ ಎಂದು ಮನೆಯವರು ಕೇಳುವುದು ಮೂರನೆಯದೋ ನಾಲ್ಕನೆಯದೋ ಸಲ ಬಂದಾಗ. ಅವರು ಮೊದಲನೆಯದನ್ನು ನೋಡಿಯೇ ಇರುವುದಿಲ್ಲ. ಆದ್ದರಿಂದಲೇ ಮೊದಲ ಸಲಕ್ಕೇ ಚಿಕಿತ್ಸೆ ಸಿಗಬೇಕು.

ಸಿಗುವ ದಾರಿ ಇದೆಯೇ ಎಂದರೆ, ಇದೆ. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆ ಎಂಬ ಕಲ್ಪನೆ ಮೊದಲು ಪ್ರಯೋಗವಾದದ್ದೇ ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ, ನಿಮ್ಹಾನ್ಸ್ ನೆರವಿನಿಂದ. 1996ರಿಂದ ಅದು ದೇಶದ ಕಾರ್ಯಕ್ರಮವಾಯಿತು. ಈಗ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರಿಗೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆಯಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬದುಕು ಬೇಡ ಅನ್ನಿಸುತ್ತಿದ್ದರೆ ಕಾರಣ ಯಾವುದು ಎಂದು ಯೋಚಿಸುತ್ತಾ ಕೂರಬೇಡಿ, ಈಗಲೇ ಕರೆ ಮಾಡಿ, ಹತ್ತಿರದವರೊಬ್ಬರಿಗೂ ಹೇಳಿ.

ಕಾರಣ ಪೂರ್ತಿ ತಿಳಿಯುವವರೆಗೆ ಚಿಕಿತ್ಸೆ ಕಾಯಬೇಕಿಲ್ಲ ಎಂಬುದಕ್ಕೂ ಗೋವಾದಲ್ಲೇ ಪುರಾವೆ ಇದೆ. ಅಲ್ಲಿನ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮನಶ್ಶಾಸ್ತ್ರ ಓದಿರದ ಸ್ಥಳೀಯರಿಗೇ ತರಬೇತಿ ಕೊಟ್ಟು ಸಮಾಲೋಚನೆಗೆ ಕೂರಿಸಿದರು. ತೀವ್ರ ಖಿನ್ನತೆ ಇದ್ದವರ ಜೊತೆ ಅವರು ಕೆಲವು ಸಲ ಕೂತು ಮಾತಾಡಿದರು. ದಿನ ಹೇಗೆ ಕಳೆಯುತ್ತದೆ, ಏನು ಮಾಡಿದಾಗ ಮನಸ್ಸು ಸ್ವಲ್ಪ ಹಗುರ, ಯಾವುದನ್ನು ಬಿಟ್ಟುಬಿಟ್ಟಿದ್ದಾರೆ ಎಂದು ಕೇಳಿ, ಬಿಟ್ಟುಹೋದ ಕೆಲಸಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡಿಸಿದರು. ಎದುರಿಗಿರುವ ಸಮಸ್ಯೆಗೆ ಏನು ಮಾಡಬಹುದು ಎಂದು ಜೊತೆಗೂಡಿ ಯೋಚಿಸಿದರು. ಮೂರು ತಿಂಗಳ ಹೊತ್ತಿಗೆ ಆ ಗುಂಪಿನಲ್ಲಿ 64% ಜನ ಖಿನ್ನತೆಯಿಂದ ಹೊರಬಂದಿದ್ದರು. ಮಾಮೂಲಿ ಚಿಕಿತ್ಸೆ ಮಾತ್ರ ಸಿಕ್ಕವರಲ್ಲಿ 39%. ಸಮಾಲೋಚನೆ ಸಿಕ್ಕ ಗುಂಪಿನ ಹೆಂಗಸರು ಗಂಡನಿಂದ ತಿಂದ ಹೊಡೆತವೂ ಕಡಿಮೆಯಾಗಿತ್ತು.